ಐತವಾರದ ರೊಟ್ಟಿ

ಮುಂಜಾನೆ ಸೊಸಿ ಒಳಕಲ್ಲಾಗ ಶೇಂಗಾ ಹಿಂಡಿ, ಅಂದ್ರ ಚಟ್ನಿಪುಡಿ, ಕುಟ್ಟಾಕತ್ತಿದ್ಲು. ಬಳ್ಳೊಳ್ಳಿ ವಾಸನಿ ಮೂಗಿಗೆ ಬಡದದ್ದ ತಡ, ನಾ ಸೋಲಾಪುರದ ಈ ಮನಿ ಬಿಟ್ಟು ಐವತ್ತು ವರ್ಷದ ಹಿಂದಿನ ಕರಜಗಿಗೆ ಹೋಗಿ ಕುಂತೆ. ಬರ್ರಿ, ನೀವೂ ಬಾಜೂಕ ಕೂಡ್ರಿ.

ಅಲ್ಲಿ ನಮ್ಮದು ಹದಿನೈದು ಮನಿಯ ಸಣ್ಣ ಸಭಿ. ಪಾದ್ರಿಯವರು ಸೋಲಾಪುರದಿಂದ ಎಸ್‌ಟಿ ಬಸ್ಸು ಹಿಡಿದು ತಿಂಗಳಿಗೊಮ್ಮೆ ಬರವ್ರು. ಉಳಿದ ಐತವಾರ ನಮ್ಮ ಮೂವರ ಕಾರಭಾರ. ಮುದುಕಿ ಶಾಂತವ್ವಗ ಅಕ್ಷರ ಬರ್ತಿರಲಿಲ್ಲ, ಆದ್ರ ಆಕಿ ಪ್ರಾರ್ಥನಾ ಮಾಡಿದ್ರ ಕಲ್ಲೂ ಕರಗಬೇಕು. ಕುರಿ ಕಾಯೋ ದಾನಪ್ಪ ಹಾಡವ. ನಾ ಸಾಲಿ ಮಾಸ್ತರ, ಬೈಬಲ್ ಓದಿ ಪ್ರಸಂಗ ಹೇಳವ. ನನ್ನ ಪ್ರಸಂಗ ಯಾವಾಗ ಮುಗೀತದ ಅನ್ನೂದು ಆ ದೇವರಿಗೂ ಗೊತ್ತಿರಲಿಲ್ಲ ಬಿಡ್ರಿ!

ಶಾಂತವ್ವ ಒಂದು ಕಟ್ಟಳಿ ಹಾಕಿದ್ಲು. ಪ್ರಾರ್ಥನಾ ಗುಡಿ ಬಾಗಲಾ ತೆಗಿಯೂಕಿಂತ ಮೊದಲ ಮೂವರೂ ಕೂಡಿ ಒಂದ ರೊಟ್ಟಿ ಮುರಿದು, ಹಿಂಡಿ ಹಚ್ಕೊಂಡು ತಿನ್ನಬೇಕು. ಹೊಟ್ಟ್ಯಾಗ ಸಿಟ್ಟಿಟ್ಕೊಂಡು ಮಂದಿ ಮುಂದ ನಿಂದ್ರಬಾರದು ಅಂತ.

ಒಂದು ಶನಿವಾರ ದಾನಪ್ಪ ಹೋಟೆಲ್‌ನ್ಯಾಗ ಎಲ್ಲಾರ ಮುಂದ, "ಮಾಸ್ತರ, ನಿಮ್ಮ ಪ್ರಸಂಗ ಮುಗಿಯೂದ್ರಾಗ ನನ್ನ ಕುರಿ ಅಷ್ಟು ದೂರದ ಮಂದ್ರೂಪ ಊರು ಮುಟ್ಟಿರ್ತಾವ್ರಿ" ಅಂದ. ಮಂದಿ ಹೊಟ್ಟಿ ಹಿಡ್ಕೊಂಡು ನಕ್ಕರು. ನನಗ ಉರಿ ಹತ್ತಿತು. ಮರುದಿನ ಕದಾ ಹಾಕ್ಕೊಂಡು ಮನ್ಯಾಗ ಕುಂತೆ. ನಾ ಇಲ್ಲದ ಹ್ಯಾಂಗ ನಡಸ್ತಾರ ನೋಡೂಣು ಅಂತ ಜಂಬ. ನಾ ಇಲ್ಲದನೂ ನಡದು ಬಿಟ್ರ ಅಂತ ಅಂಜಿಕಿ ಬ್ಯಾರೆ.

ಬಿಸಲೇರಿದ ಮ್ಯಾಲ ಶಾಂತವ್ವ ಬಂದ್ಲು.

"ಮಾಸ್ತರ, ಮಂದಿ ಹೊರಗ ಕುಂತಾರ. ದಾನಪ್ಪನ ಮಗಳು ಮಾರ್ತಾಗ ಮೂರು ದಿನದಿಂದ ಜ್ವರ. ಡಾಕ್ಟರ್ ಔಷಧ ನಡದದ, ಪ್ರಾರ್ಥನಾನೂ ಆಗಲಿ ಅಂತ ಕೂಸಿನ ಹೊತ್ಕೊಂಡು ಬಂದಾನ."

"ಹಂಗಿದ್ರ ಮಾಡ್ರಲ್ಲ ಕಾಕಿ, ನಾ ಯಾಕ ಬೇಕು?"

"ನಾನೂ ಅದನ್ನ ಅಂದೆಪ್ಪಾ. ದಾನಪ್ಪನ 'ತಪ್ಪು ನಂದು, ಮಾಸ್ತರ ಬರದ ಬಾಗಲಾ ತೆಗೀಬ್ಯಾಡ' ಅಂತ ಕಟ್ಟಿ ಮ್ಯಾಲ ಕುಂತಾನ."

ಬರಿಗಾಲಿಲೆ ಓಡಿದೆ. ದಾನಪ್ಪ ಕೂಸಿನ ತೊಡಿ ಮ್ಯಾಲ ಹಾಕ್ಕೊಂಡು, ರೊಟ್ಟಿ ಮುಂದ ಹಿಡದ. ನಾಚಿಕಿಯಿಂದ ಎಲ್ಲಾರ ಮುಂದ ಅತ್ತುಬಿಟ್ಟೆ. ಮೂವರೂ ರೊಟ್ಟಿ ಮುರಿದು ತಿಂದು ಬಾಗಲಾ ತೆಗೆದ್ವಿ, ಶಾಂತವ್ವ ಕೂಸಿಗಾಗಿ ಪ್ರಾರ್ಥನಾ ಮಾಡಿದ್ಲು. ಅವತ್ತು ನಾ ಒಂದ ವಚನ ಓದಿ ಕುಂತೆ. "ಇಷ್ಟ ಏನ್ರಿ?" ಅಂದ ದಾನಪ್ಪ. ಎರಡು ದಿನಕ್ಕ ಕೂಸಿನ ಜ್ವರ ಇಳೀತು.

ಆ ಮಾರ್ತಾ ಈಗ ಸೋಲಾಪುರದಾಗ ನಮ್ಮ ಸಭಿಯ ಕಮಿಟಿಯೊಳಗ ನನ್ನ ಜೋಡಿನ ಇದ್ದಾಳ. ಇಬ್ಬರ ತಲಿನೂ ಬೆಳ್ಳಗಾಗ್ಯಾವ. ಹೋದ ಐತವಾರ, "ಕಾಕಾ, ಪ್ರಸಂಗ ಸ್ವಲ್ಪ ಸಣ್ಣದು ಮಾಡ್ರಿ" ಅಂದ್ಲು. ಅಷ್ಟಕ್ಕ ನಾ ವಾರದಿಂದ ಆಕಿ ಜೋಡಿ ಮಾತು ಬಿಟ್ಟೀನಿ. ಹುಟ್ಟುಗುಣ ಸುಟ್ರೂ ಹೋಗಂಗಿಲ್ಲ ನೋಡ್ರಿ.

"ಒಂದು ರೊಟ್ಟಿ ಬಡಿಯವ್ವಾ, ಹಿಂಡಿನೂ ಕಟ್ಟು" ಅಂದೆ ಸೊಸಿಗೆ.

"ಎಲ್ಲಿಗ್ರಿ ಮಾಮಾ?"

"ಮಾರ್ತಾನ ಮನಿಗೆ. ರೊಟ್ಟಿ ಮುರೀಬ್ಯಾಡ, ಇಡೀದು ಹಂಗ ಕಟ್ಟು."