ಹುಣಸೆ ರಾಶಿಯ ಮುಂದೆ ಒಪ್ಪಿಸಿದ ಪಾಠ

ಇಂಗ್ಲಿಷಿನಲ್ಲಿ ಯಾವ ಕ್ರಿಯಾಪದಕ್ಕೆ ಯಾವ ಪ್ರಿಪೊಸಿಷನ್ ಸೇರಬೇಕು ಅಂತ ಹೇಳಬಲ್ಲೆ. ಯಾಕೆ ಅಂತ ಕೇಳಿದರೆ ಮೇಷ್ಟ್ರಾದ ನನಗೂ ಗೊತ್ತಿಲ್ಲ. ಅದಕ್ಕೇ ಹತ್ತನೇ ಕ್ಲಾಸಿಗೆ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸುತ್ತೇನೆ: ಡಿಪೆಂಡ್ ಆನ್, ವೇಟ್ ಫಾರ್, ಲಿಸನ್ ಟು. ಕಾವ್ಯ ಎಂಬ ಹುಡುಗಿ ದಿನಾ ತಡವರಿಸುತ್ತಿದ್ದಳು. ಒಂದು ದಿನ ರೇಗಿ ಅವಳನ್ನು ಹೊರಗೆ ನಿಲ್ಲಿಸಿದೆ. ಮಾರನೇ ದಿನದಿಂದ ಅವಳು ಬರಲೇ ಇಲ್ಲ.

ಪರೀಕ್ಷೆ ಹತ್ತಿರವಾದಾಗ, ಬಡವನಹಳ್ಳಿ ಆಚೆಗಿರುವ ಅವಳ ಊರಿಗೆ ಹೋದೆ. ಶೆಡ್ಡೊಂದರಲ್ಲಿ ಹೆಂಗಸರ ಜೊತೆ ಕೂತು ಹುಣಸೆಹಣ್ಣು ಬಡಿಯುತ್ತಿದ್ದಳು.

"ನಾನು ಬೈದೆ ಅಂತ ಸ್ಕೂಲು ಬಿಟ್ಟೆಯೇನಮ್ಮ?"

"ಇಲ್ಲ ಸಾರ್. ಅಮ್ಮಂಗೆ ಕಾಲು ಮುರೀತು. ಅವಳ ಜಾಗಕ್ಕೆ ನಾನು ಬಂದ್ಬುಟ್ಟೆ."

"ಪರೀಕ್ಷೆಯಾದರೂ ಬರಿ."

"ಹೆಂಗ್ ಬರ್ಲಿ ಸಾರ್? ನಾಕ್ ದಿನ ಬುಟ್ರೆ ಇಲ್ಲಿ ಬೇರೆಯೋರು ಕೂತ್ಕಂತಾರೆ."

ನಾನು ಹೊರಡಲು ತಿರುಗಿದೆ. ಅವಳೇ ಅಂದಳು: "ಆ ಡಿಪೆಂಡ್ ಆನ್ ಪಾಠ ಪೂರಾ ಹೇಳ್ತೀನಿ ಸಾರ್, ಸರಿ ಐತಾ ನೋಡಿ."

ಬಡಿಯುವ ಕೈ ನಿಲ್ಲಿಸದೆ, ಏಟಿಗೊಂದರಂತೆ ಮೊದಲಿನಿಂದ ಕೊನೆಯವರೆಗೂ ಹೇಳಿದಳು. ಪಕ್ಕದಲ್ಲಿದ್ದ ಮುದುಕಿಗೂ ದಿನಾ ಕೇಳಿ ಕೇಳಿ ಬಾಯಿಪಾಠವಾಗಿತ್ತು, ಅವಳೂ ದನಿಗೂಡಿಸಿದಳು.

ಆ ವರ್ಷ ಒಂದೂ ತಪ್ಪಿಲ್ಲದೆ ಆ ಪಾಠ ಒಪ್ಪಿಸಿದವಳು ಕಾವ್ಯ ಒಬ್ಬಳೇ. ಹಾಜರಿ ಪುಸ್ತಕದಲ್ಲಿ ಅವತ್ತು ಅವಳ ಹೆಸರಿನ ಮುಂದೆ ಗೈರುಹಾಜರಿ ಹಾಕಿದ್ದೂ ನಾನೇ.