ಒಬ್ಬರಿಗೆ ಎರಡೇ ಪ್ಯಾಕೆಟ್

ಒಂದು ಸೋಪು ಕೊಂಡರೆ ಇನ್ನೊಂದು ಪುಕ್ಕಟೆ ಎಂದು ಬೋರ್ಡು ಹಾಕಿದರೆ ಜನ ಅದನ್ನು ಎರಡು ಸಲ ಓದಿ, ಒಳಗೆ ಹೋಗಿ, "ನಿಜಾನಾ ಸಾರ್?" ಎಂದು ಕೇಳಿ ಬರುತ್ತಿದ್ದ ಕಾಲವದು. ಪದ್ಮನಾಭನಗರದ ನಮ್ಮ ಕ್ರಾಸಿನಲ್ಲಿ ಮನೆಗಳ ನಡುವೆ ಇನ್ನೂ ಖಾಲಿ ಸೈಟುಗಳಿದ್ದವು. ಪಾರ್ಥೇನಿಯಂ ಗಿಡ ಎದೆಮಟ್ಟ ಬೆಳೆದು ನಮ್ಮ ಐಸ್‌ಪೈಸ್ ಆಟಕ್ಕೆ ಮರೆಯಾಗುತ್ತಿತ್ತು. ಕ್ರಾಸಿನ ಮೂಲೆಯಲ್ಲಿ ಅಪ್ಪನ ದಿನಸಿ ಅಂಗಡಿ. ಅದರ ಬೆನ್ನಿಗೇ ಒಂದು ರೂಮು, ಒಂದು ಅಡುಗೆಮನೆ. ಅದು ನಮ್ಮ ಮನೆ. ಹುಣಸೆಹಣ್ಣು, ಇಂಗು, ಬಟ್ಟೆ ಸೋಪು, ಗೋಣಿಚೀಲ, ಇಷ್ಟೂ ಕಲೆತ ಒಂದು ವಾಸನೆ ನಮ್ಮ ಹಾಸಿಗೆಗೆ, ಸ್ಕೂಲ್ ಬ್ಯಾಗಿಗೆ, ತಲೆಕೂದಲಿಗೆ ಹತ್ತಿಕೊಂಡಿರುತ್ತಿತ್ತು. ಕ್ಲಾಸಿನಲ್ಲಿ ಪಕ್ಕ ಕೂತವಳು, "ಲೇ ಶೈಲಾ, ನಿನ್ ಹತ್ರ ಕೂತ್ರೆ ಹಸಿವಾಗತ್ತೆ ಕಣೇ" ಎನ್ನುತ್ತಿದ್ದಳು. ನನಗೆ ಅದು ಹೊಗಳಿಕೆ.

ಅಂಗಡಿಗೆ ಸಾಮಾನು ಹೇಗೆ ಬರುತ್ತದೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಪ್ರತಿ ಮಂಗಳವಾರ ಬಸಣ್ಣ ಬರುತ್ತಿದ್ದ. ಎಣ್ಣೆ, ಸೋಪು, ಟೀಪುಡಿ, ಬಿಸ್ಕತ್ತುಗಳ ಏಜೆನ್ಸಿಯೊಂದರಲ್ಲಿ ಸೇಲ್ಸ್‌ಮನ್. ಗದಗಿನ ಕಡೆಯವನು, ಬಿಟಿಎಂ ಬಡಾವಣೆಯಲ್ಲಿ ಹೆಂಡತಿಯೊಡನೆ ಒಂದು ಬಾಡಿಗೆ ರೂಮಿನಲ್ಲಿದ್ದ. ನಮ್ಮ ಸುತ್ತಿನ ಹತ್ತಾರು ಅಂಗಡಿಗಳು ಸೇರಿ ಅವನ "ಲೈನು". ಮೊಪೆಡ್ಡಿನಲ್ಲಿ ಅಂಗಡಿಯಿಂದ ಅಂಗಡಿಗೆ ಹೋಗಿ ಆರ್ಡರು ಬರೆದುಕೊಳ್ಳುವುದು ಅವನ ಕೆಲಸ. ಮಾರನೇ ದಿನ ಏಜೆನ್ಸಿಯ ವ್ಯಾನು ಬಂದು ಸಾಮಾನು ಇಳಿಸುತ್ತಿತ್ತು. ನಮ್ಮ ಮಟ್ಟಿಗೆ ಅವನು ಸೇಲ್ಸ್‌ಮನ್ನಿಗಿಂತ ಹೆಚ್ಚಾಗಿ ನೆಂಟ. ಅಮ್ಮ ಅವನಿಗೆಂದು ಅರ್ಧ ಲೋಟ ಕಾಫಿ ಎತ್ತಿಡುತ್ತಿದ್ದಳು.

"ತಂಗೀ, ಸಾಲಿ ಸೂಟಿ ಬಿಟ್ಟೈತೇನು?" ಎಂದು ಅವನು ಕೇಳಿದರೆ ನಾನೂ ನನ್ನ ತಮ್ಮ ಗಿರಿಯೂ ಬಿದ್ದು ಬಿದ್ದು ನಗುತ್ತಿದ್ದೆವು.

"ಅದು ಸಾಲಿ ಅಲ್ಲ ಬಸಣ್ಣ, ಸ್ಕೂಲು."

"ಹೌದೇನು? ಅದಕ್ಕಽ ನೋಡು ನನಗ ವಿದ್ಯಾ ಹತ್ತಲಿಲ್ಲ" ಎಂದು ಅವನೂ ನಗುತ್ತಿದ್ದ.

ನಾನು ಆರನೇ ಕ್ಲಾಸು ಮುಗಿಸಿದ ಆ ವರ್ಷ, ಯುಗಾದಿಗೆ ಸ್ವಲ್ಪ ಮುಂಚೆ, ಮೇನ್ ರೋಡಿನಲ್ಲಿ ಸೂಪರ್ ಮಾರ್ಕೆಟ್ಟು ತೆರೆಯಿತು. ಗಾಜಿನ ಬಾಗಿಲು. ಒಳಗೆ ಕಾಲಿಟ್ಟರೆ ಚಳಿ, ನೆಲ ಒರೆಸುವ ಔಷಧಿಯ ಸಿಹಿ ವಾಸನೆ. ಸಾಮಾನನ್ನು ಯಾರೂ ಕೊಡುವುದಿಲ್ಲ, ನಾವೇ ಬುಟ್ಟಿಗೆ ಹಾಕಿಕೊಳ್ಳಬೇಕು. ಮೊದಲ ವಾರ ಅಪ್ಪ ನಕ್ಕ. "ಜನಕ್ಕೆ ಮಾತಾಡಕ್ಕೆ ಒಂದು ಮುಖ ಬೇಡ್ವಾ? ಬಿಸ್ಲಲ್ಲಿ ತಣ್ಣಗೆ ಓಡಾಡಿ ಬರ್ತಾರೆ, ಸಾಮಾನು ನಮ್ಮ ಹತ್ರಾನೇ ತಗೋತಾರೆ" ಎಂದ.

ಎರಡನೇ ವಾರ ಅದರ ಬಾಗಿಲ ಪಕ್ಕ ಒಂದು ಬೋರ್ಡು ಎದ್ದಿತು. ಒಂದು ಲೀಟರಿನ ಸೂರ್ಯಕಾಂತಿ ಎಣ್ಣೆ ಪ್ಯಾಕೆಟ್ಟಿಗೆ ಅವರು ಹಾಕಿದ್ದ ಬೆಲೆ, ಬಸಣ್ಣ ಅಪ್ಪನಿಗೆ ಕೊಡುತ್ತಿದ್ದ ದರಕ್ಕಿಂತ ಎರಡು ರೂಪಾಯಿ ಕಡಿಮೆ. ಅಪ್ಪ ಮಾರುವ ದರಕ್ಕಿಂತ ಅಲ್ಲ, ಕೊಳ್ಳುವ ದರಕ್ಕಿಂತ. ಕೆಳಗೆ ಸಣ್ಣ ಅಕ್ಷರದಲ್ಲಿ, ಒಬ್ಬರಿಗೆ ಎರಡೇ ಪ್ಯಾಕೆಟ್. ಬೇಸಿಗೆ ನೋಡಿ, ಮನೆಮನೆಯ ತಾರಸಿಯ ಮೇಲೂ ಸಂಡಿಗೆ ಒಣಗುತ್ತಿದ್ದ ದಿನಗಳು. ಎಣ್ಣೆ ಬೇಡದ ಮನೆಯೇ ಇಲ್ಲ. ಎಣ್ಣೆಗೆ ಹೋದವರು ಬರುವಾಗ ಬೇಳೆ, ಸಕ್ಕರೆ, ಸೋಪನ್ನೂ ಅಲ್ಲೇ ತಂದರು. ನಮ್ಮ ಅಂಗಡಿಗೆ ಬರುತ್ತಿದ್ದವರು ಕೈಚೀಲವನ್ನು ಸೆರಗಿನ ಮರೆ ಮಾಡಿಕೊಂಡು ಎದುರು ಸಾಲಿನಲ್ಲಿ ನಡೆಯತೊಡಗಿದರು.

ಒಂದು ವಾರ ಅಪ್ಪ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಒಂದು ದಿನ ಬೆಳಿಗ್ಗೆ ತುಂಬ ಗೆಲುವಾಗಿ ಎದ್ದು ಹೇಳಿದ, "ಅವ್ರು ನಷ್ಟ ಮಾಡ್ಕೊಂಡು ಮಾರ್ತಿದ್ರೆ ನಾವ್ಯಾಕೆ ತಗೋಬಾರ್ದು? ಅಲ್ಲಿ ತರೋಣ, ಇಲ್ಲಿ ಮಾರೋಣ."

ಅಮ್ಮನಿಗೆ ಗಾಬರಿ. "ಏನ್ರೀ ಇದು, ಅವ್ರ ಅಂಗಡೀಲಿ ತಂದು ನಮ್ಮಂಗಡೀಲಿ ಮಾರೋದಾ? ಯಾರಾದ್ರೂ ನೋಡಿದ್ರೆ?"

"ನೋಡ್ಲಿ ಬಿಡೇ. ಕದ್ಕೊಂಡ್ ಬರ್ತಿದೀವಾ? ದುಡ್ಡು ಕೊಟ್ಟು ತರ್ತೀವಿ."

ಹೀಗೆ ಶುರುವಾಯಿತು ನೋಡಿ ಆ ಬೇಸಿಗೆಯ ಆಟ. ಆಟ ಎಂದೇ ಹೇಳಬೇಕು, ನಮಗೆ ಅದು ಆಟವೇ ಆಗಿತ್ತು. ಬೆಳಿಗ್ಗೆ ಅಮ್ಮ ಹೋಗಿ ಎರಡು ತಂದರೆ, ಹನ್ನೊಂದಕ್ಕೆ ನಾನು ಮತ್ತು ಗಿರಿ ಬೇರೆ ಬೇರೆಯಾಗಿ ಹೋಗಿ ಎರಡೆರಡು. ಮಧ್ಯಾಹ್ನ ಫ್ರಾಕು ಬದಲಾಯಿಸಿ, ಎರಡು ಜಡೆಯನ್ನು ಒಂದು ಮಾಡಿ ಮತ್ತೆ ಎರಡು. ಸಂಜೆ ಪಕ್ಕದ ಮನೆಯವರನ್ನೂ ಕಳಿಸುತ್ತಿದ್ದೆವು. ಒಳಗೆ ನಾನೂ ಗಿರಿಯೂ ಪರಿಚಯವಿಲ್ಲದವರಂತೆ ಇರಬೇಕೆಂಬುದು ನಾನೇ ಮಾಡಿದ ಕಾನೂನು. ಒಂದು ದಿನ ಅವನು ಬಿಲ್ಲಿನ ಸಾಲಿನಿಂದಲೇ "ಅಕ್ಕಾ, ಚಿಲ್ಲರೆ ಸಾಲ್ದು!" ಎಂದು ಕೂಗಿಬಿಟ್ಟ. ನಾನು ಗಂಭೀರವಾಗಿ ತಿರುಗಿ, "ಯಾರೋ ನೀನು?" ಎಂದೆ. ಏಳು ವರ್ಷದ ಹುಡುಗ, ಅಲ್ಲೇ ಹೋ ಎಂದು ಅತ್ತ. ಬಾಗಿಲ ಬಳಿಯ ಸೆಕ್ಯುರಿಟಿ ಅಂಕಲ್ ನಗುತ್ತಾ ಅವನ ಕೈಗೆ ಚಿಲ್ಲರೆ ಹಾಕಿ ಕಳಿಸಿದರು. ಎಷ್ಟು ಒಳ್ಳೆಯವರು ಎಂದುಕೊಂಡೆ.

ಮನೆಗೆ ತಂದ ಮೇಲೆ ಇನ್ನೊಂದು ಕೆಲಸ. ಪ್ರತಿ ಪ್ಯಾಕೆಟ್ಟಿನ ಮೇಲೂ ಆ ಅಂಗಡಿಯ ಹೆಸರಿದ್ದ ಕಿತ್ತಳೆ ಬಣ್ಣದ ಬೆಲೆಚೀಟಿ. ಕೊಬ್ಬರಿ ಎಣ್ಣೆ ಅದ್ದಿದ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಅದನ್ನು ಕೀಳಬೇಕು. ಮಧ್ಯಾಹ್ನದ ಹೊತ್ತು ಅಮ್ಮ, ನಾನು, ಗಿರಿ ಚಾಪೆಯ ಮೇಲೆ ಕೂತು ಉಪ್ಪುಖಾರ ಹಚ್ಚಿದ ಮಾವಿನಕಾಯಿ ಚೂರು ತಿನ್ನುತ್ತಾ ಚೀಟಿ ಕೀಳುತ್ತಿದ್ದೆವು. ಉಗುರಿನ ಸಂದಿಯಲ್ಲೆಲ್ಲ ಅಂಟು. ಆ ಬೇಸಿಗೆಯಲ್ಲಿ ನಾನು ಒಂದು ದಿನವೂ ಬೇಜಾರುಪಟ್ಟಿದ್ದು ನೆನಪಿಲ್ಲ.

ಮಂಗಳವಾರಗಳು ಮಾತ್ರ ಕಷ್ಟವಾದವು. ಬಸಣ್ಣ ಬಂದು ಆರ್ಡರ್ ಬುಕ್ಕು ತೆಗೆದರೆ ಅಪ್ಪ ತಕ್ಕಡಿ ಒರೆಸುತ್ತಾ, "ಈ ವಾರ ಬೇಡ ಬಸಣ್ಣ, ವ್ಯಾಪಾರ ಡಲ್ಲು" ಎನ್ನುತ್ತಿದ್ದ. ಎಣ್ಣೆ ಬೇಡ ಎಂದ ಮೇಲೆ ಸೋಪು, ಬಿಸ್ಕತ್ತಿನ ಆರ್ಡರೂ ಸಣ್ಣದಾಗುತ್ತಾ ಬಂತು. ಐದನೇ ಮಂಗಳವಾರ ಇರಬೇಕು, ಬಸಣ್ಣ ಅಪ್ಪನ ಹಿಂದಿನ ಶೆಲ್ಫು ನೋಡಿದ. ಎಣ್ಣೆ ಪ್ಯಾಕೆಟ್ಟುಗಳು ಸಾಲಾಗಿ ಹೊಳೆಯುತ್ತಿದ್ದವು. ಕೈ ಚಾಚಿ ಒಂದನ್ನು ತೆಗೆದು ತಿರುಗಿಸಿದ. ನಾವು ಕೀಳಲು ಮರೆತ ಚೀಟಿ ಅದರ ಬೆನ್ನ ಮೇಲಿತ್ತು.

ನಾನು ಅಲ್ಲೇ ಅಕ್ಕಿ ಮೂಟೆಯ ಮೇಲೆ ಕೂತಿದ್ದೆ. ಅಪ್ಪನ ಕಿವಿ ಕೆಂಪಗಾದದ್ದನ್ನು ಕಂಡೆ.

ಬಸಣ್ಣ ಸಿಟ್ಟಾಗಲಿಲ್ಲ. "ನಿಮ್ಮನ್ನ ಬೈಯ್ಯೂದಿಲ್ರಿ ಯಜಮಾನ್ರ. ನಾ ನಿಮಗ ಕೊಡೂ ರೇಟಿಗಿಂತ ಅವರು ಮಾರೂ ರೇಟು ಕಡಿಮಿ ಐತಿ. ನಾನಾದ್ರೂ ಇದನ್ನಽ ಮಾಡ್ತಿದ್ದೆ" ಎಂದ. ಆಮೇಲೆ ದನಿ ತಗ್ಗಿಸಿದ. "ಆದ್ರ ಒಂದು ಮಾತು. ನನ್ನ ಲೈನಿನ ಅಂಗಡಿಯವರೆಲ್ಲಾ ಇದನ್ನಽ ಮಾಡಾಕತ್ತಾರ. ಹಿಂಗಽ ಆದ್ರ ಈ ಲೈನ್ ಮುಚ್ಚತಾರಂತ. ವ್ಯಾನ್ ಬರೂದಿಲ್ಲ. ವಾರಕ್ಕ ಒಂದಽ ಒಂದು ಕೇಸ್ ಎಣ್ಣಿ ಬರಸ್ರಿ ಸಾಕು, ಲೈನ್ ಜೀವಂತ ಐತಿ ಅಂತ ನಾ ಆಫೀಸಿನ್ಯಾಗ ತೋರಸ್ತೀನಿ. ನನ್ನ ನೌಕರಿನೂ ಉಳೀತೈತಿ."

ಅಪ್ಪ ಯೋಚಿಸಿ ಹೇಳುತ್ತೇನೆಂದ. ವಾರವಿಡೀ ಯೋಚಿಸಿದ. ಕೊನೆಗೆ ಸೋಮವಾರ ಊಟಕ್ಕೆ ಕೂತಾಗ ಅಮ್ಮನಿಗೆ, "ಒಂದು ಕೇಸು ಬರೆಸಿಬಿಡೋಣ ಕಣೇ. ನಷ್ಟ ಆದ್ರೂ ಆಗ್ಲಿ. ಆ ಮನುಷ್ಯನ ಮುಖ ನೋಡಕ್ಕಾಗಲ್ಲ" ಎಂದ. ಅಮ್ಮ ಹೂಂ ಎಂದಳು. ನಾನು ಅದನ್ನು ಕೇಳಿಸಿಕೊಂಡಿದ್ದೆ. ಕೇಳಿಸಿಕೊಂಡೂ ಮಾರನೇ ದಿನ ಮರೆತೆ.

ಮಂಗಳವಾರ ಹನ್ನೊಂದಕ್ಕೆ ನನ್ನ ಸರದಿ. ಹೋಗಿ ನೋಡಿದರೆ ಬೋರ್ಡು ಬದಲಾಗಿದೆ. ಸಣ್ಣ ಅಕ್ಷರದ ಸಾಲಿನ ಮೇಲೆ ಬಿಳಿ ಕಾಗದ ಅಂಟಿಸಿದ್ದಾರೆ. ಸೆಕ್ಯುರಿಟಿ ಅಂಕಲ್ ನನ್ನನ್ನು ನೋಡಿದವರೇ, "ಬಾ ಪಾಪು. ಇವತ್ತಿಂದ ಲಿಮಿಟ್ ಇಲ್ಲ. ನಿಮ್ಮಪ್ಪಂಗೆ ಹೇಳು, ಎಷ್ಟು ಬೇಕಾದ್ರೂ ತಗೊಂಡು ಹೋಗ್ಲಿ" ಎಂದರು.

ನಾನು ಒಳಗೆ ಕೂಡ ಹೋಗಲಿಲ್ಲ. ಕೈಲಿದ್ದ ದುಡ್ಡನ್ನು ಹಾಗೇ ಬಿಗಿಹಿಡಿದು, ಚಪ್ಪಲಿ ಕಳಚಿ ಕೈಗೆ ತೆಗೆದುಕೊಂಡು, ಸುಡುವ ಟಾರಿನ ಮೇಲೆ ಓಡಿದೆ. ಇಂಥ ಸುದ್ದಿಯನ್ನು ಮೊದಲು ಹೇಳುವವಳು ನಾನೇ ಆಗಬೇಕು! ಅಂಗಡಿ ಮುಟ್ಟುವಷ್ಟರಲ್ಲಿ ಉಸಿರು ಬಾಯಿಗೆ ಬಂದಿತ್ತು. ಕಟ್ಟೆಯ ಈಚೆ ಬಸಣ್ಣ ನಿಂತಿದ್ದ. ಆರ್ಡರ್ ಬುಕ್ಕು ಬಿಚ್ಚಿತ್ತು, ಪೆನ್ನು ಹಾಳೆಯ ಮೇಲಿತ್ತು. "ಒಂದು ಕೇಸು ಎಣ್ಣೆ, ಸೋಪು..." ಎಂದು ಅಪ್ಪ ಹೇಳುತ್ತಿದ್ದ.

"ಅಪ್ಪಾ! ಲಿಮಿಟ್ ತೆಗ್ದಿದಾರೆ! ಎಷ್ಟು ಬೇಕಾದ್ರೂ ತಗೋಬಹುದಂತೆ!"

ಪೆನ್ನು ನಿಂತಿತು. ಅಪ್ಪ ನನ್ನನ್ನು ನೋಡಿದ, ಗೋಡೆಯ ಕ್ಯಾಲೆಂಡರನ್ನು ನೋಡಿದ. ಬಸಣ್ಣನನ್ನು ಮಾತ್ರ ನೋಡಲಿಲ್ಲ. ಎದುರಿನ ಸಂಪಿಗೆ ಮರದಲ್ಲಿ ಕಾಗೆಯೊಂದು ಕೂಗುತ್ತಿದ್ದದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಇದೊಂದು ವಾರ ಬಿಡು ಬಸಣ್ಣ" ಎಂದ ಅಪ್ಪ. "ಮುಂದಿನ ವಾರ ಖಂಡಿತ."

ಬಸಣ್ಣ ಪೆನ್ನಿಗೆ ಕ್ಯಾಪು ಹಾಕಿದ. ನನ್ನ ಕಡೆ ತಿರುಗಿ, "ಮೊದಲ ಉಸುರು ತಗೋ ತಂಗಿ. ನೀರು ಕುಡಿ, ಬಿಸಲಾಗ ಓಡಿ ಬಂದೀ" ಎಂದು, ಅಮ್ಮ ಇಟ್ಟಿದ್ದ ಕಾಫಿಯನ್ನು ಕುಡಿಯದೆ ಮೊಪೆಡ್ ಹತ್ತಿದ.

ಗಿರಿಯ ಫೀಸಿಗೆಂದು ಎತ್ತಿಟ್ಟಿದ್ದ ದುಡ್ಡನ್ನೂ ಸೇರಿಸಿ ಅಪ್ಪ ಅವತ್ತೇ ಆಟೋದಲ್ಲಿ ಎಣ್ಣೆ ತಂದ. ನಾವು ಮಲಗುವ ರೂಮಿನ ಒಂದು ಗೋಡೆ ಪೂರ್ತಿ ಪೆಟ್ಟಿಗೆಗಳು. ಮುಂದಿನ ಮಂಗಳವಾರ ಬಸಣ್ಣ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಜೂನಿನಲ್ಲಿ ಸ್ಕೂಲು ಶುರುವಾಯಿತು, ಮಳೆ ಬಂತು, ಸೂಪರ್ ಮಾರ್ಕೆಟ್ಟಿನ ಬೋರ್ಡು ಇಳಿಯಿತು. ಎಣ್ಣೆಯ ಬೆಲೆ ಮೊದಲಿಗಿಂತ ಮೇಲೇರಿತು. ಗೋಡೆಯ ಪೆಟ್ಟಿಗೆಗಳು ತಿಂಗಳೊಪ್ಪತ್ತಿನಲ್ಲಿ ಮುಗಿದವು. ಅಷ್ಟರಲ್ಲಿ ಸೋಪಿನ ಶೆಲ್ಫು, ಟೀಪುಡಿಯ ಶೆಲ್ಫು, ಬಿಸ್ಕತ್ತಿನ ಡಬ್ಬ, ಎಲ್ಲ ಖಾಲಿ. ಎಲ್ಲಕ್ಕೂ ವ್ಯಾನು ಅದೊಂದೇ ಆಗಿತ್ತಲ್ಲ. ಅಪ್ಪ ಏಜೆನ್ಸಿಗೆ ಹೋದರೆ, "ನಿಮ್ ಲೈನ್ ಮುಚ್ಚಾಯ್ತು ಸಾರ್. ಬೇಕಿದ್ರೆ ಸಿಟಿ ಮಾರ್ಕೆಟ್ಟಿಂದ ನೀವೇ ಎತ್ಕೊಂಡ್ ಬನ್ನಿ" ಎಂದರಂತೆ. ಎತ್ತಿಕೊಂಡೂ ಬಂದ, ಬಸ್ಸಿನಲ್ಲಿ, ಹೆಗಲ ಮೇಲೆ. ಬಸ್ ಚಾರ್ಜು, ಆಟೋ ಬಾಡಿಗೆ ಸೇರಿಸಿದರೆ ಅವನ ಸೋಪು ಸೂಪರ್ ಮಾರ್ಕೆಟ್ಟಿಗಿಂತ ದುಬಾರಿಯಾಗುತ್ತಿತ್ತು.

ಒಂದು ಭಾನುವಾರ ಅಪ್ಪ ನನ್ನನ್ನು ಕರೆದುಕೊಂಡು, ಬನಶಂಕರಿಯಲ್ಲಿ ಬಸ್ಸು ಬದಲಾಯಿಸಿ, ಬಿಟಿಎಮ್ಮಿಗೆ ಹೋದ. ಬಸಣ್ಣನ ರೂಮು ಮೂರನೇ ಮಹಡಿಯಲ್ಲಿ. ಹೆಂಡತಿ ರೊಟ್ಟಿ ತಟ್ಟುತ್ತಿದ್ದಳು. ಮೊಳೆಯಲ್ಲಿ ವಾಚ್‌ಮನ್ನರ ನೀಲಿ ಶರ್ಟು ತೂಗುತ್ತಿತ್ತು. ಹುಳಿಮಾವಿನ ಹತ್ತಿರ ಒಂದು ಅಪಾರ್ಟ್‌ಮೆಂಟಿನಲ್ಲಿ ಕೆಲಸ ಸಿಕ್ಕಿತಂತೆ.

ಅಪ್ಪ ಕೂರಲೂ ಇಲ್ಲ. "ಬಸಣ್ಣ, ಒಂದು ಕೇಸು ಬರ್ಕೋ. ಎರಡು ಬರ್ಕೋ. ಪ್ರತಿ ವಾರ ಬರೆಸ್ತೀನಿ" ಎಂದ.

"ಯಾವ ಪುಸ್ತಕದಾಗ ಬರ್ಕೊಳ್ಳಲ್ರಿ ಯಜಮಾನ್ರ?"

ಅವನ ದನಿಯಲ್ಲಿ ಕುಹಕವಿರಲಿಲ್ಲ. ಬರೆಯಲು ಪುಸ್ತಕವಿಲ್ಲವೆಂದು ನಿಜವಾಗಿಯೂ ಸಂಕಟಪಟ್ಟವನಂತೆ ಕೇಳಿದ. ರೊಟ್ಟಿ, ಶೇಂಗಾ ಚಟ್ನಿ ನಮ್ಮ ಮುಂದಿಟ್ಟು, ಅವನೇ ವಿವರಿಸಿದ. ನಮ್ಮಂಥ ಅಂಗಡಿಯವರು ಅಲ್ಲಿ ಕೊಂಡದ್ದೆಲ್ಲ ಸೂಪರ್ ಮಾರ್ಕೆಟ್ಟಿನ ಮಾರಾಟಕ್ಕೇ ಸೇರಿತು. ಅದನ್ನು ತೋರಿಸಿ ಅವರು ಕಂಪನಿಯಿಂದ ನೇರವಾಗಿ, ಇನ್ನೂ ಕಡಿಮೆ ದರಕ್ಕೆ ಸರಕು ತರಿಸಿಕೊಂಡರು. ಈ ಕಡೆ ಲೈನು ಸತ್ತಿದೆಯೆಂದು ಏಜೆನ್ಸಿ ಕೈಬಿಟ್ಟಿತು. "ಲಿಮಿಟ್ ಸುಮ್ನ ತೆಗೀಲಿಲ್ರಿ ಅವರು" ಎಂದ.

ಮುರಿದ ರೊಟ್ಟಿಯನ್ನು ನಾನು ತಟ್ಟೆಯಲ್ಲೇ ಇಟ್ಟೆ. "ನಿಮ್ಮಪ್ಪಂಗೆ ಹೇಳು" ಎಂದಿದ್ದರಲ್ಲ ಆ ಅಂಕಲ್. ನಾನು ಫ್ರಾಕು ಬದಲಾಯಿಸಿ, ಜಡೆ ಬದಲಾಯಿಸಿ ಹೋದರೇನು, ನನ್ನ ಅಪ್ಪ ಯಾರೆಂದು ಅವರಿಗೆ ಮೊದಲ ದಿನದಿಂದಲೂ ಗೊತ್ತಿತ್ತು.

ದೀಪಾವಳಿಗೆ ಮುಂಚೆ ಅಂಗಡಿ ಮುಚ್ಚಿತು. ಅಪ್ಪ ಸಾರಕ್ಕಿಯ ಒಂದು ಗೋಡೌನಿನಲ್ಲಿ ಬೇಳೆ ಪ್ಯಾಕಿಂಗಿನ ಉಸ್ತುವಾರಿಗೆ ಸೇರಿ, ಅಲ್ಲಿಯೇ ಮುದುಕನಾದ. ಆ ಸೂಪರ್ ಮಾರ್ಕೆಟ್ಟೂ ನಾಲ್ಕಾರು ವರ್ಷವಷ್ಟೇ ಬಾಳಿತು. ಅದಕ್ಕಿಂತ ದೊಡ್ಡದೊಂದು ಬಂದು ಅದನ್ನು ನುಂಗಿತು. ಖಾಲಿ ಸೈಟುಗಳಲ್ಲಿ ಈಗ ನಾಲ್ಕು ಅಂತಸ್ತಿನ ಮನೆಗಳು. ಆ ಕ್ರಾಸಿನಲ್ಲಿ ಎಣ್ಣೆ ತೀರಿತೆಂದು ಒಗ್ಗರಣೆ ಸೌಟು ಕೈಲಿ ಹಿಡಿದೇ ಓಡಿಹೋಗಿ ತರುವಂಥ ಒಂದು ಅಂಗಡಿಯೂ ಇಲ್ಲ. ನನ್ನ ಕೂದಲಿಗೆ ಈಗ ಶಾಂಪೂ ವಾಸನೆ, ಎಲ್ಲರ ಕೂದಲಿನ ಹಾಗೆ.

ಅಪ್ಪನನ್ನು ಒಮ್ಮೆ ಕೇಳಿದ್ದೆ, ನಾನು ಅವತ್ತು ಹತ್ತು ನಿಮಿಷ ತಡವಾಗಿ ಬಂದಿದ್ದರೆ ಏನಾಗುತ್ತಿತ್ತು ಎಂದು. "ಏನೂ ಆಗ್ತಿರ್ಲಿಲ್ಲ ಬಿಡಮ್ಮ. ನಾನು ಹೇಗೂ ಬರೆಸ್ತಿರ್ಲಿಲ್ಲ" ಎಂದ. ಅದು ಸುಳ್ಳೆಂದು ನನಗೆ ಗೊತ್ತು. ನನಗೆ ಗೊತ್ತೆಂದು ಅವನಿಗೂ ಗೊತ್ತಿತ್ತು.

ಆ ಬೇಸಿಗೆಯ ನಂತರ ನಾನು ಯಾವ ಒಳ್ಳೆಯ ಸುದ್ದಿಯನ್ನೂ ಓಡಿಕೊಂಡು ಮನೆಗೆ ತಂದಿಲ್ಲ. ಪಿಯುಸಿಯಲ್ಲಿ ಫಸ್ಟ್ ಕ್ಲಾಸು ಬಂದ ದಿನವೂ ಬಸ್ಸಿಳಿದು ನಿಧಾನವಾಗಿ ನಡೆದುಬಂದೆ. ಬಾಗಿಲ ಹೊರಗೆ ನಿಂತು, ಒಳಗೆ ಯಾರ ಮಾತು ಕೇಳುತ್ತಿದೆ, ಯಾರಾದರೂ ಬಂದಿದ್ದಾರೆಯೇ ಎಂದು ಆಲಿಸಿ, ಅವರು ಎದ್ದು ಹೋಗುವ ತನಕ ಕಾದು, ಆಮೇಲೆ ಒಳಗೆ ಹೋಗಿ ಹೇಳಿದೆ.