ಟರ್ಬೊ ಹಾಕಿಸಬೇಕೆಂದಿರುವವರು

ನಮ್ಮ ಗ್ಯಾರೇಜಿಗೆ ಪ್ರತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ಟರ್ಬೊ ಸರ್ ಬರುತ್ತಾರೆ. ತಮ್ಮ ಕೆಂಪು ಸ್ಪೋರ್ಟ್ಸ್ ಕಾರಿಗೆ ಟರ್ಬೊ ಕೂರಿಸಿ ಇಂಜಿನ್ನಿನ ಶಕ್ತಿ ಹೆಚ್ಚಿಸಬೇಕೆಂದು ಅವರು ಹೇಳತೊಡಗಿ ಆರು ವರ್ಷವಾಯಿತು. ಟರ್ಬೊ ಇನ್ನೂ ಬಂದಿಲ್ಲ, ಹೆಸರು ಮಾತ್ರ ಅಂದೇ ಅಂಟಿಕೊಂಡಿತು. ಡಾಕ್ಟರ ಮುಂದೆ ಮಗುವಿನ ಅಂಗಿ ಎತ್ತುವಂತೆ ಬಾನೆಟ್ ಎತ್ತಿ, "ಮೂರು ಲಕ್ಷ ಕಿಲೋಮೀಟರ್ ಓಡಿದೆ, ತಡ್ಕೊಳ್ಳುತ್ತಾ ಹೇಳಿ" ಎನ್ನುತ್ತಾರೆ. ತಡೆಯುತ್ತದೆ ಎಂದರೆ, "ಪಿಸ್ಟನ್ ಗತಿ ಏನು?" ಎಂದು ಗಾಬರಿಯಾಗುತ್ತಾರೆ. ತಡೆಯುವುದಿಲ್ಲ ಎಂದರೆ, "ನೀವಿದನ್ನ ಸರಿಯಾಗಿ ನೋಡೇ ಇಲ್ಲ" ಎಂದು ಮುಖ ಊದಿಸಿಕೊಳ್ಳುತ್ತಾರೆ. ನಾಲ್ಕೂ ಸಿಲಿಂಡರಿನ ಒತ್ತಡ ಅಳೆಸಿ, ತಾವೇ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಆ ಗೋಡೆಗೆ ಬಣ್ಣ ಬಳಿಯಲು ನಮಗೆ ಅಪ್ಪಣೆಯಿಲ್ಲ. ಆಮೇಲೆ ಟೀ ಕುಡಿದು, "ಮುಂದಿನ ವಾರ ಖಂಡಿತ" ಎಂದು ಹೊರಡುತ್ತಾರೆ. ಕಳೆದ ಶನಿವಾರ ನಮ್ಮ ಮೇಸ್ತ್ರಿ ತಲೆ ಕೆಟ್ಟುಹೋಗಿ ಸೀಮೆಸುಣ್ಣವನ್ನೇ ಬಚ್ಚಿಟ್ಟರು. "ಅಳೆಯೋದು ಸಾಕು ಸರ್, ಇಂಜಿನ್ ಗುಂಡುಕಲ್ಲಿನ ಹಾಗಿದೆ. ಟರ್ಬೊನೂ ತರಿಸಿಟ್ಟಿದೀನಿ, ಕೀ ಕೊಡಿ" ಎಂದು ಕೈ ಚಾಚಿದರು. ಸರ್ ಕೀಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು, "ಹಾಕಿದ್ಮೇಲೆ ಶಬ್ದ ಬದಲಾಗುತ್ತಾ?" ಎಂದು ಕೇಳಿದರು. "ಆಗದೆ ಇರುತ್ತಾ? ಬೇರೆ ಕಾರೇ ಅನ್ಸುತ್ತೆ." ಸರ್ ಮೆಲ್ಲಗೆ ಬಾನೆಟ್ ಮುಚ್ಚಿದರು. "ನಮ್ಮಮ್ಮನಿಗೆ ಕಣ್ಣು ಕಾಣಲ್ಲ. ಬೀದಿ ತಿರುವಲ್ಲಿ ಈ ಶಬ್ದ ಕೇಳಿದ್ರೇನೇ ಎದ್ದು ಬಾಗಿಲು ತೆಗೆಯೋದು" ಎಂದರು. ಮೇಸ್ತ್ರಿ ಬಾನೆಟ್ಟನ್ನು ಮತ್ತೆ ಎತ್ತಿ, ಜೇಬಿನಿಂದ ಸೀಮೆಸುಣ್ಣ ತೆಗೆದು ಅವರ ಕೈಗಿಟ್ಟು, "ಅಳೆದು ಹೇಳ್ತೀನಿ, ಬರ್ಕೊಳ್ಳಿ ಸರ್" ಎಂದರು.